ಪ್ರಮಾದಗಳ ಪುಸ್ತಕ

ರಾಯದುರ್ಗದ ಆ ಶೆಡ್ಡನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಬಣ್ಣ. ಜೀನ್ಸ್ ಬಟ್ಟೆಯ ನೀಲಿ ಧೂಳು ಅಲ್ಲಿಯ ಗಾಳಿಯಲ್ಲೇ ಮನೆ ಮಾಡಿಕೊಂಡಿತ್ತು. ಹೊಲಿಯುವವರ ಹುಬ್ಬು, ರೆಪ್ಪೆ, ಮುಡಿದ ಮಲ್ಲಿಗೆ, ಲೋಟದಲ್ಲಿನ ಟೀ ಕೆನೆ, ಎಲ್ಲದರ ಮೇಲೂ ತೆಳ್ಳಗೆ ನೀಲಿ. ಮೇಲಿನ ಪ್ಲಾಸ್ಟಿಕ್ ಶೀಟಿನಿಂದ ಬಿಸಿಲು ಇಳಿದರೆ ಆ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ನಲವತ್ತು ಮಷಿನ್ನುಗಳ ಗುಂಯ್ ಸದ್ದಿನಲ್ಲಿ ಊಟವಾದ ಮೇಲೆ ಕೂತರೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಎಚ್ಚರವಾಗಿರಿ ಎಂದು ಹೇಳಿಕೊಡಲು ಹೋದವಳು ನಾನು.

ಸಣ್ಣ ಕಾರ್ಖಾನೆಗಳನ್ನು ಸುರಕ್ಷತಾ ಸರ್ಟಿಫಿಕೇಟಿಗೆ ತಯಾರು ಮಾಡುವುದು ನನ್ನ ಕೆಲಸ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ ತೂಗುಹಾಕಬೇಕು, ಯಾವ ಬಾಗಿಲಿಗೆ ಬೀಗ ಹಾಕಬಾರದು, ಯಾವ ಪುಸ್ತಕದಲ್ಲಿ ಏನು ಬರೆಯಬೇಕು, ಇವನ್ನೆಲ್ಲ ನಾನು ಹೇಳಬೇಕು. ಮಡಕಶಿರಾದಿಂದ ಬೆಳಗಿನ ಬಸ್ಸು ಹಿಡಿದು, ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಹತ್ತಿ, ಕಿಟಕಿಗೆ ತಲೆ ಆನಿಸಿಕೊಂಡು ಅರ್ಧ ಕನಸಿನಲ್ಲೇ ರಾಯದುರ್ಗ ಸೇರುತ್ತಿದ್ದೆ. ವಾರಕ್ಕೆ ಒಂದು ದಿನ, ಮೂರು ತಿಂಗಳು. ಶೆಡ್ಡಿನ ಮಾಲೀಕರು ಹಿಂದೆ ತಾವೇ ಕಟಿಂಗ್ ಮಾಸ್ಟರ್ ಆಗಿದ್ದವರು. ಒಂದು ದೊಡ್ಡ ಕಂಪನಿ ಅವರಿಗೆ ವರ್ಷಪೂರ್ತಿ ಕೆಲಸ ಕೊಡುತ್ತೇನೆಂದಿತ್ತು. ಆದರೆ ಸರ್ಟಿಫಿಕೇಟ್ ಇಲ್ಲದವರ ಮುಖವನ್ನೂ ನೋಡುವುದಿಲ್ಲ ಎಂದೂ ಹೇಳಿತ್ತು.

‘ಬರ್ರಿ ಮೇಡಂ, ಕುಂದರ್ರಿ. ನೀವು ಏನ್ ಹೇಳ್ತೀರೋ ಅದು. ಗೋಡೆ ಒಡೀ ಅಂದ್ರ ಒಡಿತೀನಿ’ ಎಂದಿದ್ದರು ಮೊದಲ ದಿನ. ನಾನು ಗೋಡೆ ಒಡೆಸಲಿಲ್ಲ. ಪುಸ್ತಕ ಮಾಡಿಸಿದೆ.

ಅದರಲ್ಲಿ ಮುಖ್ಯವಾದದ್ದು, ಯಾರಿಗಾದರೂ ಪೆಟ್ಟಾದರೆ ಬರೆಯುವ ಪುಸ್ತಕ. ಊರು ಆಂಧ್ರದ್ದು, ತೆಲುಗಿನ ಅಚ್ಚು ಫಾರಂ ನನ್ನ ಹತ್ತಿರವಿತ್ತು. ಆದರೆ ಅಲ್ಲಿಯ ಹೆಂಗಸರಲ್ಲಿ ಮುಕ್ಕಾಲು ಪಾಲು ಕನ್ನಡ ಶಾಲೆಯಲ್ಲಿ ಓದಿದವರು. ಅವರಿಗೆ ಸಲೀಸಾಗಲಿ ಎಂದು ನಾನು ಒಂದು ರಾತ್ರಿಯ ಊಟವನ್ನೂ ತಡಮಾಡಿ ಎಲ್ಲವನ್ನೂ ಕನ್ನಡಕ್ಕೆ ತಂದೆ. ರಟ್ಟಿನ ಮೇಲೆ ದುಂಡಗೆ ಬರೆದೆ: ‘ಪ್ರಮಾದಗಳ ಪುಸ್ತಕ’. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟೆ. ನನ್ನ ಅಕ್ಷರ ನೋಡಿ ನನಗೇ ಖುಷಿಯಾಯಿತು. ನನಗೆ ಈ ಖುಷಿ ಸುಲಭವಾಗಿ ಆಗುತ್ತದೆ. ಅದು ನನ್ನ ದೊಡ್ಡ ಕಾಯಿಲೆ.

ಐದು ವಾರ ಪುಸ್ತಕ ಖಾಲಿ. ಮಾಲೀಕರಿಗೆ ಹಿಗ್ಗು. ‘ನೋಡ್ರಿ, ನಮ್ಮಲ್ಲಿ ಏನೂ ಆಗಂಗಿಲ್ಲ’ ಎಂದು ಮೀಸೆ ತಿರುವಿದರು. ನನಗೆ ಮಾತ್ರ ತಲೆ ಕೆಟ್ಟಿತು. ನಲವತ್ತು ಸೂಜಿಗಳು ದಿನವಿಡೀ ಓಡುವ ಕಡೆ ಒಂದು ಬೆರಳಿಗೂ ಚುಚ್ಚಿಲ್ಲ ಎಂದರೆ ತಪಾಸಣೆಗೆ ಬರುವವನು ನಂಬುತ್ತಾನೆಯೇ? ಎಲ್ಲರನ್ನೂ ನಿಲ್ಲಿಸಿ ಸಿಟ್ಟು ಮಾಡಿದೆ. ‘ಯಾಕೆ ಯಾರೂ ಬರೀತಾ ಇಲ್ಲ? ಬರೆಯೋಕೆ ಏನು ಸೋಮಾರಿತನ? ಸಣ್ಣದಾದ್ರೂ ಸರಿ, ದೊಡ್ಡದಾದ್ರೂ ಸರಿ, ಮುಚ್ಚಿಡಬೇಡ್ರಿ’ ಎಂದೆ. ಮಷಿನ್ನುಗಳು ಆರಿದಾಗ ಶೆಡ್ಡು ಇಷ್ಟು ದೊಡ್ಡದೇ ಎನಿಸಿತು.

ಮುಂದಿನ ಸೋಮವಾರ ಹೋದಾಗ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು. ಟೀ ಕುಡಿಯುತ್ತಾ ಓದತೊಡಗಿದೆ. ‘ಎಡಗಾಲಿಗೆ ಬಲಗಾಲಿನ ಜೇಬು ಹಚ್ಚಿದೆ.’ ‘ಮಾತಾಡುತ್ತಾ ಜಿಪ್ಪು ತಲೆಕೆಳಗೆ ಹೊಲಿದೆ.’ ‘ಊಟಕ್ಕೆ ಹೋದವಳು ತಡಮಾಡಿ ಬಂದೆ.’ ಒಬ್ಬಳಂತೂ ‘ಮುಂಜಾನೆ ಅತ್ತೆಗೆ ಎದುರು ಮಾತಾಡಿದೆ, ಇನ್ನು ಮಾಡುವುದಿಲ್ಲ’ ಎಂದು ಬರೆದು ಕೆಳಗೆ ಸಹಿ ಮಾಡಿದ್ದಳು. ನಾನು ಮೊದಲು ಜೋರಾಗಿ ನಕ್ಕೆ. ಆಮೇಲೆ ರಟ್ಟು ತಿರುಗಿಸಿ ನೋಡಿದೆ. ಟೀ ಲೋಟ ಕೆಳಗಿಟ್ಟೆ.

ತೆಲುಗಿನಲ್ಲಿ ಪ್ರಮಾದ ಅಂದರೆ ಅಪಘಾತ. ತೆಲುಗು ಟೀವಿಯಲ್ಲಿ ಲಾರಿ ಉರುಳಿದರೂ ಬಾವಿಗೆ ಬಿದ್ದರೂ ಅದೇ ಪದ, ನಾವು ದಿನಾ ಕೇಳುವುದು. ಕನ್ನಡದಲ್ಲಿ ಪ್ರಮಾದ ಅಂದರೆ ತಪ್ಪು. ಕನ್ನಡ ಅಕ್ಷರದಲ್ಲಿ ಕಂಡದ್ದನ್ನು ಅವರು ಕನ್ನಡದಲ್ಲೇ ಓದಿದ್ದರು. ಎರಡು ಭಾಷೆಯನ್ನೂ ಹಾಲು ನೀರಿನಂತೆ ಬೆರೆಸಿ ಕುಡಿದು ಬೆಳೆದ ನನಗೆ ಯಾವುದು ಎಲ್ಲಿ ಮುಗಿಯುತ್ತದೆ ಎಂಬುದೇ ಕಂಡಿರಲಿಲ್ಲ. ಆರು ವಾರ ನಾನು ಆ ಬಾಗಿಲಲ್ಲಿ ತೂಗುಬಿಟ್ಟದ್ದು ತಪ್ಪೊಪ್ಪಿಗೆಯ ಪುಸ್ತಕ. ಅದರಲ್ಲಿ ಬರೆಯಿರಿ ಎಂದು ಬೈದದ್ದೂ ನಾನೇ.

ಎದ್ದು ಹೋಗಿ ಎಲ್ಲರಿಗೂ ಬಿಡಿಸಿ ಹೇಳಿದೆ. ತಪ್ಪಲ್ಲ, ಪೆಟ್ಟು, ಯಾರಿಗೆ ನೋವಾಗಿದೆಯೋ ಅದು ಮಾತ್ರ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅತ್ತೆಯ ಸಂಗತಿ ಬರೆದವಳನ್ನು ಗೋಳು ಹೊಯ್ದುಕೊಂಡರು. ನಗು ಇಳಿಯುತ್ತಾ ಬಂದಾಗ, ಬೆಲ್ಟಿನ ಪಟ್ಟಿ ಹೊಲಿಯುವ ಮಷಿನ್ನಿನಲ್ಲಿ ಕೂತ ಒಬ್ಬಾಕೆ ಮಾತ್ರ ನಗುತ್ತಿಲ್ಲ ಎಂದು ಕಂಡಿತು. ಬೆಳುಗುಪ್ಪದ ಕಡೆಯಿಂದ ದಿನಾ ಬರುತ್ತಿದ್ದ, ನನಗಿಂತ ಹತ್ತು ವರ್ಷ ದೊಡ್ಡಾಕೆ. ಆಕೆಯ ಎಡಗೈ ಮೇಜಿನ ಕೆಳಗಿತ್ತು. ಹಿಂದಿನ ವಾರವೂ ಕೆಳಗೇ ಇದ್ದದ್ದು ಆಗ ನೆನಪಾಯಿತು. ತೋರುಬೆರಳಿಗೆ ಸುತ್ತಿದ ನೀಲಿ ಚಿಂದಿಯನ್ನು ನಾನು ನೋಡಿದ್ದೆ. ಎಲ್ಲವೂ ನೀಲಿಯಾಗಿದ್ದ ಆ ಜಾಗದಲ್ಲಿ ನೋಡಿಯೂ ಮುಂದೆ ಹೋಗಿದ್ದೆ.

‘ಏನಕ್ಕಾ ಅದು, ಬಿಚ್ಚು’ ಎಂದೆ.

ಆಕೆ ನಿಧಾನವಾಗಿ ಚಿಂದಿ ಬಿಚ್ಚಿದಳು. ಸೂಜಿಯ ಮೊನೆ ಮುರಿದು ಒಳಗೇ ಉಳಿದಿತ್ತಂತೆ. ಅಂದಿಗೆ ಹದಿನಾರನೆಯ ದಿನ. ಬೆರಳು ತುದಿಯಲ್ಲಿ ಕಪ್ಪಾಗಿತ್ತು.

‘ಯಾಕಕ್ಕಾ ಹೇಳ್ಲಿಲ್ಲ?’

‘ಹೆಂಗ್ ಹೇಳ್ಲಿ ಮೇಡಂ? ನಂದೇ ತಪ್ಪು ಅಂತ ನನ್ನ ಕೈಲೇ ಬರಕೊಟ್ಟಂಗ ಆಗ್ತೈತಲ್ರಿ. ಅದನ್ನ ಓದಿ ಕೆಲಸದಿಂದ ಬಿಡಿಸಿದ್ರ? ನೀವು ಬರೀರಿ ಬರೀರಿ ಅಂತ ಒದರಿದ್ರಲ್ಲ, ಅವತ್ತು ಇನ್ನಾ ಅಂಜಿಕಿ ಆತ್ರಿ.’

ಮಾಲೀಕರು ಕಾರು ತೆಗೆದರು. ಬಳ್ಳಾರಿಯ ಆಸ್ಪತ್ರೆಯವರೆಗೂ ಆಕೆ ನನ್ನ ಪಕ್ಕ ಕೂತಿದ್ದಳು, ಕೈಯನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು. ಹೊರಗೆ ಬಯಲು, ಗುಡ್ಡ, ಕುರಿಮಂದೆ ಒಂದಾದ ಮೇಲೊಂದು ಹಿಂದೆ ಸರಿದವು. ಇದು ಬಸ್ಸಿನ ಕನಸು, ಕಲ್ಯಾಣದುರ್ಗ ಬಂದರೆ ಎಚ್ಚರವಾಗುತ್ತದೆ ಎಂದು ನಾನು ನಿಜವಾಗಿಯೂ ಅಂದುಕೊಂಡೆ. ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, ಮೊದಲ ದಿನವೇ ಬಂದಿದ್ದರೆ ಮೊನೆ ತೆಗೆದು ಕಟ್ಟು ಕಟ್ಟಿ ಕಳಿಸುತ್ತಿದ್ದೆ ಎಂದರು. ಮೇಲಿನ ಎರಡು ಗೆಣ್ಣು ತೆಗೆದರು.

ತಪಾಸಣೆಗೆ ಇನ್ನು ಮೂರೇ ದಿನವಿತ್ತು. ‘ಇದನ್ನ ಬರೀಲೇಬೇಕೇನ್ರಿ?’ ಎಂದು ಮಾಲೀಕರು ಕೇಳಿದರು. ಕೇಳಿದ್ದಕ್ಕೆ ಅವರೇ ನಾಚಿಕೊಂಡರು. ಬರೆಯಲೇಬೇಕು ಎಂದೆ, ಬರೆದೆ. ದಿನ ಸರಿಯಾಗಿಯೇ ಹಾಕಿದೆ. ಆದರೆ ಅದಕ್ಕೂ ಮುಂಚೆ ರಟ್ಟಿನ ಮೇಲೆ ಬಿಳಿ ಕಾಗದ ಅಂಟಿಸಿ ‘ಅಪಘಾತಗಳ ಪುಸ್ತಕ’ ಎಂದು ಬರೆದಿದ್ದೆ, ಮೊದಲಿನಷ್ಟೇ ದುಂಡಗೆ. ತಪ್ಪೊಪ್ಪಿಗೆಯ ಎರಡು ಪುಟ ಹರಿದು ಬ್ಯಾಗಿಗೆ ಹಾಕಿಕೊಂಡಿದ್ದೆ. ಕಾರಣ ಎಂಬ ಕಾಲಮ್ಮಿನಲ್ಲಿ ಬರೆದದ್ದು ‘ಸೂಜಿ ಮುರಿದದ್ದು’ ಎಂದಷ್ಟೇ.

ತಪಾಸಣೆಗೆ ಬಂದವರು ಕನ್ನಡಕ ಮೇಲೆ ಮಾಡಿ ಕೇಳಿದರು, ಗಾಯಕ್ಕೂ ಚಿಕಿತ್ಸೆಗೂ ನಡುವೆ ಹದಿನಾರು ದಿನ ಯಾಕೆ? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಕಾರ್ಮಿಕರಲ್ಲಿ ತಿಳಿವಳಿಕೆ ಕಡಿಮೆ ಇತ್ತು ಸಾರ್. ಈಗ ತರಬೇತಿ ಕೊಟ್ಟಿದ್ದೀವಿ’ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಪ್ರಾಮಾಣಿಕವಾಗಿ ದಾಖಲಿಸಿದ್ದೀರಿ ಎಂದು ಹೊಗಳಿದರು ಕೂಡ. ನನ್ನ ಜೀವನದಲ್ಲಿ ನನಗೆ ಅಷ್ಟು ಅಸಹ್ಯವಾದ ಹೊಗಳಿಕೆ ಇನ್ನೊಂದಿಲ್ಲ. ಸರ್ಟಿಫಿಕೇಟ್ ಬಂತು. ಮಾಲೀಕರು ಗಾಜು ಹಾಕಿಸಿ ಬಾಗಿಲ ಮೇಲೆ ಹೊಡೆದರು.

ಆಕೆ ಗಾಯ ಮಾಗಿದ ಮೇಲೆ ಕೆಲಸಕ್ಕೆ ಬಂದಳು. ಯಾರೂ ಬಿಡಿಸಲಿಲ್ಲ. ಮಷಿನ್ ಬೇಡವೆಂದು ಮಾಲೀಕರು ಉಳಿದ ದಾರ ಕತ್ತರಿಸುವ ಮೇಜಿಗೆ ಕೂರಿಸಿದರು. ಅದಾದ ಮೇಲೆ ಒಮ್ಮೆ ನಾನು ಪುಸ್ತಕಗಳನ್ನು ನೋಡಲು ಹೋಗಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಮಷಿನ್ನುಗಳು ನಿಂತು, ಧೂಳು ಬಿಸಿಲಿನಲ್ಲಿ ಹಾಗೇ ನೇತಾಡುತ್ತಿತ್ತು. ಆಕೆ ಬುತ್ತಿ ಕಟ್ಟಿಟ್ಟು ನನ್ನ ಹತ್ತಿರ ಬಂದು ಕೂತಳು.

‘ಮೇಡಂ, ಒಂದು ಕೇಳ್ಲೇನ್ರಿ? ಇಲ್ಲದ ಬೆರಳು ನೋಯ್ತೈತ್ರಿ. ಇಲ್ಲಿ ತುದೀಗೆ, ಉಗುರು ಇತ್ತಲ್ಲ, ಅಲ್ಲಿ. ಮುಟ್ಟಾಕ ಹೋದ್ರ ಏನೂ ಇರಂಗಿಲ್ಲ. ಮನ್ಯಾಗ ಹೇಳಿದ್ರ ನಗ್ತಾರ. ಇದನ್ನ ಪುಸ್ತಕದಾಗ ಬರೀಬೋದೇನ್ರಿ?’

ಪುಸ್ತಕವನ್ನು ಮೊಳೆಯಿಂದ ಬಿಡಿಸಿ ಆಕೆಯ ಮುಂದಿಟ್ಟೆ. ಆಕೆ ಎಡಗೈಯ ಮೊಂಡು ಬೆರಳನ್ನು ಪುಟದ ಮೇಲೆ ಒತ್ತಿಹಿಡಿದು ಬಲಗೈಯಿಂದ ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ತನ್ನ ಹೆಸರು. ಅಂದಿನ ತಾರೀಖು. ‘ಇಲ್ಲದ ಬೆರಳು ನೋವು.’ ಕಾರಣದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು.

‘ಇದು ನೀವು ಬರೀರಿ ಮೇಡಂ. ನಂಗ ತಿಳೀವಲ್ದು.’

ಆಕೆಯ ಮುಖದಲ್ಲಿ ದೂರು ಇರಲಿಲ್ಲ. ಪೆನ್ನು ತೆಗೆದುಕೊಂಡೆ. ನನ್ನ ಹೆಸರಿನಿಂದ ಶುರು ಮಾಡಿದೆ.