ಟ್ರಂಕಿನೊಳಗಿನ ಇಳಕಲ್ ಸೀರೆ

ದೆವ್ವ, ಶಕುನ, ಮೈಮೇಲೆ ಬರುವುದು ಎಂದೆಲ್ಲ ಹೇಳಿದವರನ್ನು ಗೇಲಿ ಮಾಡಿ ಕಳಿಸುತ್ತಿದ್ದವಳು ನಾನು. ಈಗಲೂ ಅಂಥದ್ದನ್ನೆಲ್ಲ ಸುಲಭಕ್ಕೆ ನಂಬುವುದಿಲ್ಲ. ಆದರೆ ಇದೊಂದು ನನಗೇ ಆದದ್ದು, ಏನು ಮಾಡಲಿ?

ಐವತ್ತರ ದಶಕದ ಮಾತು. ನಮ್ಮವರಿಗೆ ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಉಮರೇಡಿನ ಆಚೆಯ ಕಾಡು ನೋಡಲು ಇಬ್ಬರೇ ಹೋದೆವು. ಬಂಡೆಯ ಕೆಳಗೊಂದು ನವಿಲುಗರಿ ಬಿದ್ದಿತ್ತು. "ತಡಿ, ನಿನಗ ತಂದ ಕೊಡ್ತೀನಿ" ಎಂದು ಇಳಿದ ಪುಣ್ಯಾತ್ಮ ಕಾಲು ಜಾರಿ ಬಿದ್ದರು. ತೊಡೆ ಸೀಳಿತ್ತು. ನಾನು ಹೇಗೋ ಕೆಳಗಿಳಿದು, ಸೆರಗು ಮುದ್ದೆ ಮಾಡಿ ಗಾಯದ ಮೇಲೆ ಒತ್ತಿ ಹಿಡಿದೆ. ಕೈ ತುಸು ಸಡಿಲಿಸಿದರೂ ರಕ್ತ ಉಕ್ಕುತ್ತಿತ್ತು. ಯಾರನ್ನಾದರೂ ಕರೆಯಲು ಹೋದರೆ ಇವರು ಉಳಿಯುವುದಿಲ್ಲ. ಹೋಗದಿದ್ದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಇವರಿಗೆ ಎಚ್ಚರ ತಪ್ಪಿತು. ಕಣ್ಣು ಮುಚ್ಚಿ ಕೂತೆ. ಕೈ ಮಾತ್ರ ಬಿಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕು ಜನ ಹಗ್ಗದ ಹೊರಸು ಹೊತ್ತುಕೊಂಡು ನೆಟ್ಟಗೆ ನಮ್ಮ ಹತ್ತಿರವೇ ಬಂದರು. ಕೂಗು ಕೇಳಿಸಿರಬೇಕು ಎಂದುಕೊಂಡೆ. ಅವರು ಇವರನ್ನು ಹೊರಸಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತರು, ಕಲ್ಲಿದ್ದಲಿನ ಲಾರಿಯೊಂದನ್ನು ನಿಲ್ಲಿಸಿ ನಾಗಪುರಕ್ಕೆ ಕಳಿಸಿದರು. ಅವರ ಊರಿನ ಹೆಸರು ಕೇಳಿಕೊಳ್ಳುವಷ್ಟು ಬುದ್ಧಿ ಮಾತ್ರ ನನಗಿತ್ತು.

ನಮ್ಮವರು ಉಳಿದರು. ಆಸ್ಪತ್ರೆಯ ಖರ್ಚು ಕೇಳಿದ್ದಕ್ಕೆ ಕಚೇರಿಯವರು, ರಜೆಯ ದಿನ ಕಾಡಿಗೆ ಹೋಗಿ ಬಿದ್ದರೆ ನಮಗೇನು ಸಂಬಂಧ ಎಂದರು. ಆಗಲಿ ಬಿಡಿ, ಅದನ್ನು ಹೇಗೋ ತೂಗಿಸಿದೆವು. ಹೊತ್ತು ತಂದವರ ಋಣ? ಇವರು ಕೋಲೂರಿ ನಡೆಯುವಂತಾದ ಮೇಲೆ ಇತವಾರಿ ಪೇಟೆಯಲ್ಲಿ ನಾಲ್ಕು ಧೋತರ ಕೊಂಡು ಆ ಹಳ್ಳಿಗೆ ಹೋದೆವು.

ಹೊತ್ತವರಲ್ಲಿ ಹಿರಿಯನಾದವನು ಧೋತರ ಹಣೆಗೊತ್ತಿಕೊಂಡು, ಸಂಕೋಚದಿಂದಲೇ ಮರಾಠಿಯಲ್ಲಿ ಕೇಳಿದ: "ಇದು ಬರೋಬರ್ ಆಯ್ತು, ಬಾಯಿಸಾಹೇಬ್. ನನ್ನ ಹೆಂಡತಿಗೆ ಹೇಳಿದ ಸೀರೆ?"

"ಯಾವ ಸೀರೆ?"

"ದಾಳಿಂಬೆ ಬಣ್ಣದ್ದು. ಪೆಟ್ಟಿಗೆಯಲ್ಲಿದೆ, ಗಂಡನನ್ನು ಉಳಿಸಿದರೆ ಕೊಡ್ತೀನಿ ಅಂತ ಬಾಗಿಲಿಗೆ ಬಂದು ನೀವೇ ಹೇಳಿದಿರಲ್ಲ!"

ಅವ್ವ ಮದುವೆಯಲ್ಲಿ ಉಡಿಸಿದ ಇಳಕಲ್ ಸೀರೆ ಅದು. ನಾಗಪುರಕ್ಕೆ ಬಂದ ಮೇಲೆ ಟ್ರಂಕಿನಿಂದ ಹೊರಗೇ ತೆಗೆದಿರಲಿಲ್ಲ. ಇವರನ್ನು ಬಿಟ್ಟು ನಾನು ಕದಲಲೇ ಇಲ್ಲ ಎಂದೆ. ಅವನ ಹೆಂಡತಿ ಒಳಗಿನಿಂದ ಬಂದು ನನ್ನ ಕೆನ್ನೆ ಸವರಿ, "ನೀನು ಬಂದಿದ್ದೆ ಮಗಳೇ. ನಾನು ನೀರು ಕೊಟ್ಟೆ, ನೀನು ಕುಡಿಯಲಿಲ್ಲ. ಕೈ ಬಿಡೋ ಹಾಗಿಲ್ಲ ಅಂದೆ" ಎಂದಳು.

ಮುಂದಿನ ಭಾನುವಾರವೇ ಸೀರೆ ಕೊಟ್ಟು ಬಂದೆ. ನಮ್ಮವರು ಈಗಲೂ ಛೇಡಿಸುತ್ತಾರೆ: "ಕಾಯಾಕ ಒಬ್ಬಾಕಿ, ಓಡಾಕ ಒಬ್ಬಾಕಿ. ಇಬ್ಬರನ್ನ ಕಟ್ಟಿಕೊಂಡೀನಿ, ಪಗಾರ ಮಾತ್ರ ಒಂದ!"

ನಗುತ್ತೇನೆ. ಆದರೆ ಅವತ್ತು ಆ ಬಾಗಿಲಿಗೆ ಹೋದವಳು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವವಳು ನಾನು. ಆ ಸೀರೆಯನ್ನು ತಂಗಿಗೂ ಮುಟ್ಟಗೊಟ್ಟವಳಲ್ಲ. ಅವಳು ನನ್ನನ್ನೊಂದು ಮಾತೂ ಕೇಳದೆ ಕೊಟ್ಟುಬಿಟ್ಟಳು. ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆನೆಂದು ಅವಳಿಗೆ ಹೇಗೆ ಗೊತ್ತಿತ್ತೋ!