ಗೌಸ್‌ಪೀರನ ಮ್ಯಾಗ್ನೆಟ್ಟು

ಝೂಂ ಎಂದು ಕಪ್ಪು ಪೆಟ್ಟಿಗೆ ಗುಂಯ್‌ಗುಟ್ಟತೊಡಗಿದ್ದೇ ತಡ, ಗೌಸ್‌ಪೀರ್ ಹೊಸ ಸಾಮಾನಿಗೆ ಸಹಿ ಹಾಕಲು ತೆಗೆದಿದ್ದ ಪೆನ್ನಿನ ಮುಚ್ಚಳ ಹಾಕಿಬಿಟ್ಟ. ಸದ್ದು ಮಾಡುವ ಸಾಮಾನನ್ನು ಅವನು ಸುಲಭಕ್ಕೆ ನಂಬುವವನಲ್ಲ.

ಚನ್ನಗಿರಿಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವನು ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್. ಹಿಂದೊಮ್ಮೆ, ಕಾಂತಶಕ್ತಿಯೇ ಇಲ್ಲದ ದಿಕ್ಸೂಚಿಗಳಿಗೆ ಪರೀಕ್ಷಿಸದೆ ಸ್ಟಾಕ್ ಬುಕ್ಕಿನಲ್ಲಿ ಸಹಿ ಹಾಕಿ, ತಪಾಸಣೆಗೆ ಬಂದವರಿಂದ ಹುಡುಗರೆದುರು ಬೈಸಿಕೊಂಡಿದ್ದ. ಅಂದಿನಿಂದ ಜೇಬಿನಲ್ಲೊಂದು ಮ್ಯಾಗ್ನೆಟ್ಟು. ಸಂತೆಯಲ್ಲಿ ಕೊಂಡ ಸ್ಟೀಲ್ ಚಮಚಕ್ಕೂ ಅದನ್ನು ಹಿಡಿಯುತ್ತಾನೆ. “ಪುಣ್ಯ, ನಿಖಾ ಹೊತ್ತಿಗೆ ಇದಿರಲಿಲ್ಲ, ನಂಗೂ ಹಿಡಿದು ನೋಡ್ತಿದ್ರು,” ಎಂದು ಹೆಂಡತಿ ಖಮರುನ್ನೀಸಾ ನಗುತ್ತಾಳೆ.

ನಿವೃತ್ತಿಗೆ ಇನ್ನು ಮೂರೇ ತಿಂಗಳು. ಮತ್ತೊಂದು ಸುಳ್ಳು ಸಹಿ ಹೊತ್ತುಕೊಂಡು ಮನೆಗೆ ಹೋಗಲು ಅವನು ತಯಾರಿಲ್ಲ.

ಕಪ್ಪು ಪೆಟ್ಟಿಗೆಯಿಂದ ಕರೆಂಟು ಹರಿದು, ಹೊಸದಾಗಿ ಬಂದ ಗಾಜಿನ ಬುರುಡೆಯ ಮುಖದಲ್ಲಿ ಹಸಿರು ಉಂಗುರಗಳು ಮೂಡಿದವು.

“ಎಲೆಕ್ಟ್ರಾನು ಬರೆದ ಉಂಗುರ, ಗೌಸಣ್ಣ,” ಎಂದರು ಉಪನ್ಯಾಸಕಿ ರೂಪಶ್ರೀ. “ಅದು ಕಣಾನೂ ಹೌದು, ಅಲೆನೂ ಹೌದು. ತೆಳ್ಳನೆ ಇಂಗಾಲದ ಪದರ ದಾಟುವಾಗ ಅಲೆಗೆ ಅಲೆ ಕೂಡಿ ಹಿಂಗೆ ಉಂಗುರ ಆಗುತ್ತೆ.”

“ಅದೂ ಹೌದು ಇದೂ ಹೌದು ಅನ್ನೋನಿಗೆ ನಮ್ಮ ನಲ್ಲೂರಲ್ಲಿ ಪುಢಾರಿ ಅಂತೀವಿ, ಮೇಡಂ.”

ಬಗ್ಗಿ ನೋಡಿದ. ಬುರುಡೆಯೊಳಗೆ ಸಣ್ಣ ತಂತಿ ಕೆಂಪಗೆ ಉರಿಯುತ್ತಿತ್ತು. ಸಿಕ್ಕಿಬಿದ್ದ ಕಳ್ಳ!

“ಒಳಗೆ ಬಲ್ಬು ಹೊತ್ತಿಸಿಟ್ಟಾರೆ. ಇದು ಬರೀ ಬೆಳಕು. ಸಹಿ ಹಾಕಲ್ಲ.”

ಬೆಳಕಾದರೆ ಮ್ಯಾಗ್ನೆಟ್ಟಿಗೆ ಜಗ್ಗದು, ಎಲೆಕ್ಟ್ರಾನಾದರೆ ಜಗ್ಗುತ್ತದೆ; ಮೇಜು ಒರೆಸುತ್ತ ಒರೆಸುತ್ತಲೇ ಕಲಿತ ಪಾಠ. ಜೇಬಿಗೆ ಕೈಹಾಕಿ ಮ್ಯಾಗ್ನೆಟ್ಟು ತೆಗೆದು ಬುರುಡೆಯ ಪಕ್ಕ ಹಿಡಿದ. ಉಂಗುರಗಳೆಲ್ಲ ಒಟ್ಟಿಗೆ ಒಂದು ಕಡೆ ಸರಿದವು. ತಿರುಗಿಸಿ ಹಿಡಿದ. ಇನ್ನೊಂದು ಕಡೆ ಸರಿದವು. ಬೆಳಕಲ್ಲ, ಒಳಗೆ ಬಳಿದ ಬಣ್ಣವೂ ಅಲ್ಲ. ಅಲೆಯಂತೆ ಉಂಗುರ ಬಿಡಿಸಿದ್ದು ಎಲೆಕ್ಟ್ರಾನೇ.

ಅವನ ಕಣ್ಣುಗಳು ಕಿರಿದಾದವು.

“ಹಂಗಾದ್ರೆ ಕಣದಿಂದಾದ ನಾನೂ ಅಲೆನಾ?”

“ನಿಮಗೂ ಅಲೆ ಐತೆ. ಆದ್ರೆ ನಿಮ್ಮ ತೂಕಕ್ಕೆ ಅದು ಎಷ್ಟು ಸಣ್ಣದು ಅಂದ್ರೆ, ಯಾರಿಗೂ ಹಿಡಿಯಾಕಾಗಲ್ಲ. ಎಲೆಕ್ಟ್ರಾನಿನಂಥ ಹಗುರದ್ದಾದ್ರೆ ಅಲೆ ಎದ್ದು ಕಾಣುತ್ತೆ.”

“ಹಿಡಿಯಾಕೇ ಆಗದ್ದನ್ನ ಐತೆ ಅಂತೀರಲ್ರೀ!”

ಗೌಸ್‌ಪೀರ್ ಪೆನ್ನಿನ ಮುಚ್ಚಳ ತೆಗೆದು ಸ್ಟಾಕ್ ಬುಕ್ಕಿನಲ್ಲಿ ನಿಧಾನವಾಗಿ ಬರೆದ: ‘ಉಂಗುರ ಕಂಡೆ. ಜಗ್ಗಿ ನೋಡಿದೆ.’ ಕೆಳಗೆ ಸಹಿ.

“ಇದಕ್ಕೆ ಹಾಕೀನಿ, ಮೇಡಂ. ನನ್ನ ಅಲೆಗೆ ಹಾಕಲ್ಲ.”

“ಅಯ್ಯೋ, ಕೇಳ್ರೀ ಗೌಸಣ್ಣ, ಸೂತ್ರ ಬಲು ಸುಲಭ. ತೂಕ ಹೆಚ್ಚಿದಷ್ಟೂ ಅಲೆ...” ಎನ್ನುತ್ತ ರೂಪಶ್ರೀ ಸೀಮೆಸುಣ್ಣ ಹುಡುಕಿ ಬೋರ್ಡಿನತ್ತ ತಿರುಗುವಷ್ಟರಲ್ಲಿ, ಅವನು ಮ್ಯಾಗ್ನೆಟ್ಟನ್ನು ಜೇಬಿಗಿಳಿಸಿ ವರಾಂಡ ದಾಟುತ್ತಿದ್ದ.