ರೊಟ್ಟಿ ಬೋರ್ಡಿಗೆ ಬೇಕಾದ ಕ್ಯಾಮೆರಾ

"ಮೇಡಂ, ಫುಲ್ ಫ್ರೇಮ್ ಕ್ಯಾಮೆರಾ ತೊಗೊಂಡ್ರೇನ್ರಿ?" ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತದೆ. ಕೇಳುವವರ ತಪ್ಪಲ್ಲ, ಪಾಪ. ಆದರೆ ಆ ಒಂದು ಪ್ರಶ್ನೆ ಹಿಡಿದುಕೊಂಡು ಹೋದ ವರ್ಷ ನಾನು ಎಷ್ಟು ಜನರ ಉಪದೇಶ ಕೇಳಿದೆನೆಂದರೆ, ನನ್ನ ಮದುವೆಯ ಹೊತ್ತಿನಲ್ಲಿ ಸೋದರತ್ತೆಯರೆಲ್ಲ ಕೂಡಿ ಅಷ್ಟು ಹೇಳಿರಲಿಲ್ಲ.

ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತೈದು ವರ್ಷಗಳಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಕಿನ ಪಾಠ ಮಾಡುತ್ತ ಬಂದವಳು. ಎಂಟು ವರ್ಷಗಳ ಹಿಂದೆ ಒಂದು ಸಾಧಾರಣ ಕ್ಯಾಮೆರಾ ಕೊಂಡೆ. ರವಿವಾರ ಬೆಳಿಗ್ಗೆ ಕೆರೆಯ ದಂಡೆಗೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುವುದು, ತಿಂಗಳ ಕೊನೆಯ ಶನಿವಾರ ನಮ್ಮ ಫೋಟೋ ಕ್ಲಬ್ಬಿನ ಸಭೆಯಲ್ಲಿ ಕೂತು ಚೂಡಾ ತಿನ್ನುತ್ತ ಒಬ್ಬರ ಚಿತ್ರವನ್ನು ಇನ್ನೊಬ್ಬರು ಬೈಯುವುದು, ಇಷ್ಟೇ ನನ್ನ ಹವ್ಯಾಸ. ಕ್ಲಬ್ಬಿನಲ್ಲಿ ಹದಿನಾರು ಜನರಿದ್ದೇವೆ, ಹೆಂಗಸೆಂದರೆ ನಾನೊಬ್ಬಳೇ.

ಎಲ್ಲ ಶುರುವಾದದ್ದು ಕಾಕುವಿನಿಂದ. ಲಕಮನಹಳ್ಳಿಯ ಕಡೆ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸು ಅವರು. ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ನನಗೂ ಕಾಕು. ಮೂವತ್ತು ವರ್ಷ ಕಂಡವರ ಖಾನಾವಳಿಗಳಲ್ಲಿ ರೊಟ್ಟಿ ಬಡಿದು, ಆಮೇಲೆ ಮನೆಯಲ್ಲೇ ಬಡಿದು, ಈಗ ಅರವತ್ತರ ಹತ್ತಿರ ಬಂದಮೇಲೆ ರಸ್ತೆಗೆ ಮುಖಮಾಡಿದ ಒಂದು ಪುಟ್ಟ ಅಂಗಡಿ ಹಿಡಿದಿದ್ದರು. ಶ್ರಾವಣದ ಮೊದಲ ಸೋಮವಾರ ತೆರೆಯುವುದೆಂದು ಗೊತ್ತಾಗಿತ್ತು. ಜೂನ್ ಮೊದಲ ವಾರದಲ್ಲಿ ಒಂದು ಸಂಜೆ ನಾನು ರೊಟ್ಟಿ ತರಲು ಹೋದಾಗ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು.

"ಅಕ್ಕೋರ, ನೀವು ಹಕ್ಕಿ ಪಕ್ಕಿ ಫೋಟೋ ಹೊಡೀತೀರಂತಲ್ಲ, ನಂದೂ ಒಂದು ಹೊಡದು ಕೊಡ್ರಿ. ಬೋರ್ಡಿಗೆ ಹಾಕಸ್ತೇನಿ."

"ನಿಮ್ಮ ಫೋಟೋನ?" ಎಂದೆ.

"ಮತ್ತ ಯಾರದ್ರೀ? ಎಲ್ಲಾ ರೊಟ್ಟಿ ಅಂಗಡಿ ಮ್ಯಾಲೂ ಅದಽ ಒಂದು ಹುಡುಗಿ ಹಲ್ಲು ಕಿಸದು ನಿಂತಿರ್ತಾಳ. ಆಕಿ ಕೈಯಾಗ ಇರೂದು ಚಪಾತಿ! ಜ್ವಾಳದ ಹಿಟ್ಟು ಹೆಂಗಿರತೈತಿ ಅಂತ ಆಕಿ ಕಣ್ಣೀಲೆ ಕಂಡಿಲ್ಲ ನೋಡ್ರಿ. ನನ್ನ ಅಂಗಡಿ ಮ್ಯಾಲ ನಾನಽ ಇರಬೇಕು. ರೊಟ್ಟಿ ಬಡಿಯೂದು ಕಾಣಬೇಕು."

ನನಗೆ ಎಷ್ಟು ಖುಷಿಯಾಯಿತೆಂದರೆ ಆವತ್ತೇ ಕ್ಯಾಮೆರಾ ತಂದೆ. ಆಮೇಲೆ ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ನಾಲ್ಕು ಸಂಜೆ ಅಲ್ಲಿಯೇ. ಕಾಕುವಿನ ಅಡುಗೆಮನೆ ಅಂದರೆ ಆರು ಹೆಜ್ಜೆಯ ಕೋಣೆ. ಒಂದು ಬಲ್ಬು, ಒಲೆಯ ನೀಲಿ ಬೆಂಕಿ, ಅಷ್ಟೇ ಬೆಳಕು. ನಾನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತು ತೆಗೆಯುತ್ತಿದ್ದೆ. ಅವರನ್ನು ಮಾತಾಡಿಸುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ, ಇದ್ದದ್ದು ಇದ್ದ ಹಾಗೆ ಬರಬೇಕು ಎಂಬುದು ನನ್ನ ನೇಮ. ಚಿತ್ರಗಳಲ್ಲಿ ಕಾಕುವಿನ ಮುಖ ಅದ್ಭುತವಾಗಿ ಬರುತ್ತಿತ್ತು. ಕೈಗಳು ಮಾತ್ರ ಬಡಿಯುವ ವೇಗಕ್ಕೆ ಮಸುಕಾಗಿ ಹೊಗೆಯಂತೆ ಕಾಣುತ್ತಿದ್ದವು. ಅದೇ ಚೆಂದವೆಂದು ನಾನು ತಿಳಿದೆ. ದುಡಿಮೆಯ ವೇಗ, ಚಲನೆ, ಲಯ ಅಂತೆಲ್ಲ ಮನಸ್ಸಿನಲ್ಲೇ ಶೀರ್ಷಿಕೆ ಕಟ್ಟಿದ್ದೆ.

ಫ್ಲೆಕ್ಸ್ ಮುದ್ರಿಸುವ ಅಂಗಡಿಯವನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿ ನನ್ನ ಗಾಳಿ ತೆಗೆದುಬಿಟ್ಟ. "ಅಕ್ಕಾರ, ಎಂಟು ಫೂಟಿಗೆ ಇದು ನಡಿಯಂಗಿಲ್ರಿ. ನೋಡ್ರಿಲ್ಲೆ, ಬರೇ ರವಾ ರವಾ ಕಾಣಾಕತ್ತೈತಿ" ಎಂದ. ನಿಜ, ಗೋಡೆಗೆ ಯಾರೋ ಉಪ್ಪಿಟ್ಟಿನ ರವೆ ಎರಚಿದಂತಿತ್ತು. ಕಡಿಮೆ ಬೆಳಕಿನಲ್ಲಿ ತೆಗೆದರೆ ನನ್ನ ಕ್ಯಾಮೆರಾ ಹಾಗೇ ಮಾಡುತ್ತದೆ. ಎಲ್ಲ ಕ್ಯಾಮೆರಾದ ಹೊಟ್ಟೆಯಲ್ಲೂ ಬೆಳಕು ಹಿಡಿಯುವ ಒಂದು ಫಲಕವಿರುತ್ತದೆ. ನನ್ನದರಲ್ಲಿ ಅದು ಸಣ್ಣದು. ಫುಲ್ ಫ್ರೇಮ್ ಎಂಬುದರಲ್ಲಿ ಅದರ ಎರಡು ಪಟ್ಟಿಗಿಂತ ದೊಡ್ಡದಿರುತ್ತದೆ, ಕತ್ತಲಲ್ಲೂ ಚಿತ್ರ ಸ್ವಚ್ಛ ಬರುತ್ತದೆ. ಬೆಲೆಯಲ್ಲಿ ಮಾತ್ರ ಒಂದು ಹೊಸ ಸ್ಕೂಟರ್ ಬಂದೀತು. ಕಾಕುವಿನ ಬೋರ್ಡಿಗಾಗಿ ಅದನ್ನು ತೊಗೊಳ್ಳಬೇಕೋ ಬೇಡವೋ, ಇಷ್ಟೇ ನನ್ನ ಪ್ರಶ್ನೆ.

ಕ್ಲಬ್ಬಿನಲ್ಲಿ ಕೇಳಿದೆ. ಕೇಳಿದ್ದೇ ತಪ್ಪಾಯಿತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಅಧ್ಯಕ್ಷರು ಮುಗುಳ್ನಕ್ಕು, "ಮೇಡಂ, ಕ್ಯಾಮೆರಾ ಅಲ್ರಿ, ಕಣ್ಣು ಮುಖ್ಯ. ಕುಣೀಲಾರದಾಕಿ ನೆಲಾ ಡೊಂಕು ಅಂದ್ಳಂತ, ಹಂಗಾಗಬಾರದು" ಎಂದರು. ಉಳಿದವರೆಲ್ಲ ಹೋ ಎಂದು ನಕ್ಕರು. ಅಯ್ಯ ಮಹಾರಾಯ! ಹಾಗೆ ಹೇಳಿದವರ ಕೊರಳಲ್ಲಿ ಏನು ಜೋಲಾಡುತ್ತಿತ್ತು ಗೊತ್ತೇ? ಫುಲ್ ಫ್ರೇಮ್. ಮೂರನೆಯದು! ತಾವು ಗ್ರಾನೈಟ್ ಹಾಸಿದ ನೆಲದ ಮೇಲೆ ಕುಣಿಯುತ್ತ ನನ್ನ ನೆಲದ ಡೊಂಕಿಗೆ ಗಾದೆ ಹೇಳುವುದು ಯಾವ ಸೀಮೆಯ ನ್ಯಾಯ? ಅದೇ ಸಭೆಯಲ್ಲಿ ಅರ್ಧ ತಾಸಿನ ಹಿಂದೆ ಒಬ್ಬ ಗಂಡಸು ಇದೇ ಪ್ರಶ್ನೆ ಕೇಳಿದಾಗ, ಯಾವ ಕಂಪನಿಯದು ಛಲೋ, ಎಲ್ಲಿ ಸೋವಿ ಸಿಗುತ್ತದೆ ಎಂದು ಇವರೇ ಬರೆದುಕೊಟ್ಟಿದ್ದರು. ನಾನು ಕೇಳಿದ ಕೂಡಲೇ ಕಣ್ಣು ಮುಖ್ಯವಾಯಿತು.

ಹಠ ಬಂತು. ಮುಂದಿನ ಶನಿವಾರ ಗಂಡನನ್ನು ಕರೆದುಕೊಂಡು ಹುಬ್ಬಳ್ಳಿಗೆ, ದುರ್ಗದಬೈಲಿನ ಹತ್ತಿರದ ಒಂದು ಅಂಗಡಿಗೆ ಹೋದೆ. ನನ್ನ ಗಂಡನಿಗೆ ಫೋಟೋ ಅಂದರೆ ಆಧಾರ್ ಕಾರ್ಡಿನದು, ಅದರಾಚೆ ಏನೂ ಗೊತ್ತಿಲ್ಲ. ಆ ಗದ್ದಲದಲ್ಲಿ ಸ್ಕೂಟರ್ ನಿಲ್ಲಿಸಲಿಕ್ಕೆ ಜಾಗ ಹುಡುಕುವುದರಲ್ಲೇ ಅರ್ಧ ತಾಸು ಹೋಯಿತು. ಅಂಗಡಿಯವನ ಮುಂದೆ ನಿಂತು ನಾನು ಕೇಳಿದೆ: "ಕಡಿಮಿ ಬೆಳಕಿನ್ಯಾಗ ಲಗೂ ಲಗೂ ಆಡೋ ಕೈ ತೆಗೀಬೇಕ್ರಿ. ಇದಕ್ಕೂ ಅದಕ್ಕೂ ಎಷ್ಟು ಫರಕ್ ಬೀಳ್ತದ?"

ಅವನು ನನ್ನ ಗಂಡನ ಕಡೆ ತಿರುಗಿ, "ಸರ್, ಮೇಡಂಗ ಇದು ಭಾಳ ವಜ್ಜಾ ಆಗ್ತೈತ್ರಿ, ಎತ್ತಾಕ ಆಗಂಗಿಲ್ಲ" ಎಂದ.

"ನನ್ನ ಯಾಕ ಕೇಳ್ತೀರಿ? ನನಗ ಅದರ ಗುಂಡಿ ಎಲ್ಲದ ಅನ್ನೂದೂ ಗೊತ್ತಿಲ್ಲ. ಆಕಿನ್ನ ಕೇಳ್ರಿ" ಎಂದರು ಇವರು.

"ಖರೇ ಸರ್" ಎಂದು ಒಪ್ಪಿ, ಮತ್ತೆ ಇವರಿಗೇ ಹೇಳತೊಡಗಿದ. "ನೋಡ್ರಿ ಸರ್, ಲೆನ್ಸಿನ ತೂತು ಅಂದ್ರ ನಮ್ಮ ಕಣ್ಣಿನ ಪಾಪಿ ಇದ್ದಂಗ. ಕತ್ತಲಾದ್ರ ದೊಡ್ಡದಾಗತೈತಿ."

ಆ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ಸಲ ಕಲಿಸಿಲ್ಲ! ಅಂಗಡಿಯವನ ವಯಸ್ಸು ನೋಡಿದರೆ ನನ್ನ ಕೈಯಲ್ಲೇ ಕಲಿತಿದ್ದರೂ ಆಶ್ಚರ್ಯವಿಲ್ಲ. ಮೂರು ಪ್ರಶ್ನೆ ಕೇಳಿದೆ, ಮೂರಕ್ಕೂ ಉತ್ತರ ಗಂಡನ ಮುಖಕ್ಕೆ ಬಿತ್ತು. ಆ ಮನುಷ್ಯ ಪಾಪ ಪ್ರತಿ ಉತ್ತರಕ್ಕೂ ತಲೆಯಾಡಿಸಿ ಸುಸ್ತಾದರು. ಏನೂ ತೊಗೊಳ್ಳದೆ ಹೊರಗೆ ಬಂದೆ. ಬಸ್ಸುಗಳ ಹೊಗೆ ಕುಡಿಯುತ್ತ, ಕುದಿಯುತ್ತ ಧಾರವಾಡಕ್ಕೆ ಮರಳಿದೆ.

ಇಷ್ಟಾದರೂ ತಡೆದುಕೊಂಡಿದ್ದೆ. ಆದರೆ ಜುಲೈ ಸಭೆಯಲ್ಲಿ ಆದದ್ದನ್ನು ಹೇಗೆ ತಡೆದುಕೊಳ್ಳುವುದು?

ಗೋಡೆಯ ಮೇಲೆ ತಿಂಗಳ ಮೊದಲ ಬಹುಮಾನದ ಚಿತ್ರ ಮೂಡಿತು. ನಮ್ಮ ಕಾಕು! ಎಂದೂ ಉಡದ ಹೊಸ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಎರಡೂ ಕೈ ಎತ್ತಿ ಹಿಟ್ಟು ತೂರುತ್ತಿದ್ದಾರೆ. ಹಿಟ್ಟಿನ ಕಣ ಕಣವೂ ಎಣಿಸುವ ಹಾಗೆ ಗಾಳಿಯಲ್ಲಿ ನಿಂತಿದೆ. ಕಾಕುವಿನ ಬೋರ್ಡಿನ ವಿಷಯ ನನ್ನ ಬಾಯಿಂದಲೇ ಕೇಳಿದ್ದ ಒಬ್ಬ ಸದಸ್ಯ, ಹುಬ್ಬಳ್ಳಿಯಲ್ಲಿ ಬಟ್ಟೆ ವ್ಯಾಪಾರ ಮಾಡುವವನು, ನನಗೆ ಗೊತ್ತಿಲ್ಲದಂತೆ ಹೋಗಿ ತನ್ನ ಫುಲ್ ಫ್ರೇಮ್‌ನಲ್ಲಿ, ತಾನೇ ಒಯ್ದ ದೀಪಗಳನ್ನು ಹಚ್ಚಿ ತೆಗೆದು ತಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಯಾವ ಊರಾಗ್ರಿ ಹಿಟ್ಟು ತೂರಿ ರೊಟ್ಟಿ ಮಾಡ್ತಾರ? ನಿಮ್ಮ ಮನ್ಯಾಗ ಹಿಂಗ ಮಾಡ್ತಾರೇನು?"

"ಎಫೆಕ್ಟ್ ಬೇಕಲ್ರಿ ಮೇಡಂ" ಎಂದ ಅವನು ತಣ್ಣಗೆ. "ನಿಮ್ಮ ಕ್ಯಾಮೆರಾದಾಗ ಇದು ಬರಂಗಿಲ್ಲ, ಅದಕ್ಕ ಸಿಟ್ಟು ಬಂದದ. ನಾನು ಕಾಕುಗ ಬೋರ್ಡಿಗೆ ಇದನ್ನ ಪುಕಟ್ಟೆ ಕೊಡಾಕತ್ತೇನಿ."

ಕೂತುಬಿಟ್ಟೆ. ಯಾಕೆಂದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅವನ ಚಿತ್ರ ಎಂಟು ಅಡಿಗಲ್ಲ, ಹದಿನೆಂಟು ಅಡಿಗೂ ರವೆಯಾಗಿ ಒಡೆಯುತ್ತಿರಲಿಲ್ಲ. ಶ್ರಾವಣದ ಸೋಮವಾರಕ್ಕೆ ಒಂಬತ್ತೇ ದಿನ ಉಳಿದಿತ್ತು. ಮನೆಗೆ ಬಂದವಳೇ ಗಂಡನಿಗೆ, "ಆ ಅಂಗಡ್ಯಾವಗ ಫೋನ್ ಮಾಡಿ ಒಂದು ಫುಲ್ ಫ್ರೇಮ್ ತೆಗದಿಡಾಕ ಹೇಳ್ರಿ. ನಾಳೆ ಬರ್ತೇವಿ ಅನ್ರಿ" ಎಂದೆ. ಇವರು ನನ್ನ ಮುಖ ನೋಡಿ ತೆಪ್ಪಗೆ ಫೋನ್ ತೆಗೆದರು.

ಮರುದಿನ ರವಿವಾರ. ಹುಬ್ಬಳ್ಳಿಗೆ ಹೊರಡುವ ಮೊದಲು ಕಾಕುವಿಗೆ ಹೇಳಿ ಹೋಗೋಣವೆಂದು ಬೆಳಿಗ್ಗೆಯೇ ಹೋದೆ. ರೂಢಿಯಂತೆ ಕ್ಯಾಮೆರಾ ಹೆಗಲಿಗಿತ್ತು. ಅವರು ಹಿಟ್ಟು ನಾದುತ್ತಿದ್ದರು. ಕ್ಲಬ್ಬಿನವರು ಮೊಬೈಲಿಗೆ ಕಳಿಸಿದ್ದ ಬಹುಮಾನದ ಚಿತ್ರ ತೋರಿಸಿದೆ. ನೋಡಿದ ಕೂಡಲೇ ಅವರ ಮುಖ ಕೆಂಪಾಯಿತು.

"ತೂರ್ರಿ ತೂರ್ರಿ ಅಂತ ಹದಿನೈದು ಸಲ ತೂರಿಸಿದಾ! ಹಿಟ್ಟೇನು ಜಾತ್ರ್ಯಾಗಿನ ಭಂಡಾರ ಏನ್ರಿ ತೂರಾಕ? ಒಂದು ದಿನದ ಹಿಟ್ಟು ನೆಲದ ಪಾಲಾತು. ನಾ ಬೈದು ಕಳಸಾಕಿ, ಆದ್ರ ಅಕ್ಕೋರ ಪೈಕಿ ಅಂತ ಅಂವ ಹೇಳಿದ್ನಲ್ಲ, ಅದಕ್ಕ ಬಾಯಿ ಮುಚಗೊಂಡು ಕುಂತ್ನಿ."

ನನ್ನ ಹೆಸರಿನ ಮೇಲೆ ಆ ಹೆಂಗಸಿನ ಕೈಯಿಂದ ಅನ್ನ ಚೆಲ್ಲಿಸಿದ್ದ. ನನಗೆ ಅಳುವೇ ಬಂತು, ಸಿಟ್ಟಿನ ಅಳು. ಕಣ್ಣೊರೆಸಿಕೊಂಡು, ಇದಕ್ಕೆ ಉತ್ತರವೆಂಬಂತೆ ನನ್ನ ಚಿತ್ರ ತೋರಿಸಿದೆ. ಎರಡು ತಿಂಗಳು ಮೂಲೆಯಲ್ಲಿ ಕೂತು ತೆಗೆದದ್ದು. ಕಾಕು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಮಾರಿ ನಂದಽ. ಕೈ ಎಲ್ಲಿ ಹೋದೂ?"

"ಅದು ಹಂಗಽ ಕಾಕು, ನೀವು ಬಡಿಯೂ ವೇಗಕ್ಕ..."

"ವೇಗಲ್ಲ ಏನಲ್ಲ. ನಾಲ್ವತ್ತು ವರ್ಷ ಬಡದೇನ್ರಿ ಈ ಕೈಲೆ. ಅಂವ ಹಿಟ್ಟು ಚೆಲ್ಲಿಸಿದಾ, ನೀವು ಕೈಯಽ ಅಳಿಸಿಬಿಟ್ರಿ. ಬೋರ್ಡಿನ ಮ್ಯಾಲ ಕೈ ಇಲ್ಲಂದ್ರ ರೊಟ್ಟಿ ಯಾರು ಬಡದ್ರು ಅಂತ ಕೇಳ್ತಾರ."

ಕಪಾಳಕ್ಕೆ ಹೊಡೆದಂತಾಯಿತು. ಲಯವಂತೆ, ಚಲನೆಯಂತೆ! ತಡವರಿಸುತ್ತ, ಬೆಳಕು ಸಾಲದ್ದಕ್ಕೆ ಹಾಗಾಯಿತು, ಇವತ್ತೇ ದೊಡ್ಡ ಕ್ಯಾಮೆರಾ ತರುತ್ತೇನೆ ಎಂದೆ.

"ಬೆಳಕು ಬೇಕಿತ್ತೇನು?" ಕಾಕು ನನ್ನನ್ನು ವಿಚಿತ್ರವಾಗಿ ನೋಡಿದರು. ಎದ್ದು ಹೋಗಿ ಒಲೆಯ ಹಿಂದಿನ ಗೋಡೆಗೆ ಕಟ್ಟಿದ್ದ ಗೋಣಿತಟ್ಟನ್ನು ಸರಕ್ಕನೆ ಎಳೆದರು. ಹಿಂದೆ ಕಿಟಕಿ. ಮೋಡದ ದಿನದ ಬೆಳ್ಳಗಿನ ಬೆಳಕು ಕೋಣೆಗೆಲ್ಲ ಸುರಿಯಿತು. "ಮಳಿಗಾಳಿ ಒಲಿಗೆ ಬಡೀತೈತಂತ ಕಟ್ಟೇನಿ. ನೀವು ಬಾಯಿ ಬಿಟ್ಟು ಕೇಳಬೇಕಿಲ್ಲೇನ್ರಿ? ಬಂದು ಮೂಲ್ಯಾಗ ಕಳ್ಳರಗತೆ ಕುಂಡರ್ತೀರಿ, ಎದ್ದು ಹೋಗ್ತೀರಿ."

ಎರಡು ತಿಂಗಳು. ಬೆಳಕಿನ ಪಾಠ ಮಾಡುವ ಮೇಷ್ಟರಮ್ಮ ನಾನು, ಕ್ಲಬ್ಬಿನಲ್ಲಿ ಕೇಳಿದೆ, ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದೆ, ಕೆಲಸಕ್ಕೆ ಬಾರದವರನ್ನೆಲ್ಲ ಕೇಳಿದೆ. ಕಾಕುವನ್ನು ಮಾತ್ರ ಕೇಳಿರಲಿಲ್ಲ. ಆ ಬಟ್ಟೆ ವ್ಯಾಪಾರಿ ಅವರಿಗೆ ಹುಕುಂ ಮಾಡಿದ, ನಾನು ಅವರೊಡನೆ ಮಾತೇ ಆಡಲಿಲ್ಲ. ಅಂಗಡಿಯವನು ನನ್ನನ್ನು ಬಿಟ್ಟು ಗಂಡನ ಜೊತೆ ಮಾತಾಡಿದನೆಂದು ಎಷ್ಟು ಕುದಿದಿದ್ದೆ! ಎಲ್ಲರ ಮೇಲೆ ಹಾರಾಡಿದ ಸಿಟ್ಟು ಆ ಗಳಿಗೆಯಲ್ಲಿ ತಿರುಗಿ ನನ್ನ ಮೇಲೆಯೇ ಬಿತ್ತು.

"ಈಗ ಕೇಳ್ತೇನಿ ಕಾಕು" ಎಂದೆ. "ಎಲ್ಲೆ ನಿಂದರಲಿ?"

"ಇಲ್ಲೆ ಬರ್ರಿ, ಎಡಕ್ಕ. ಅಲ್ಲಿಂದ ನನ್ನ ಕೈ ಛಂದ ಕಾಣತಾವು."

ನಿಂತೆ. ಅವರು ಬಡಿದರು. ನನ್ನ ಅದೇ ಹಳೆಯ ಕ್ಯಾಮೆರಾದಲ್ಲಿ ಹತ್ತೂ ಬೆರಳು ಬಂದವು. ಉಗುರಂಚಿನ ಹಿಟ್ಟು ಬಂತು, ಬಿಸಿ ಹಂಚು ತಾಗಿ ಕಪ್ಪಾದ ಗುರುತು ಬಂತು, ಒಂದು ಕಡೆಗೆ ವಾಲಿದ ಕಿರುಬೆರಳು ಬಂತು. ನಾನು ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, ಆ ಕ್ಯಾಮೆರಾ ಬೇಡವೆಂದು ಅಂಗಡಿಗೆ ಹೇಳಿಬಿಡಿ ಎಂದೆ. "ಖರೇನ? ಆಮ್ಯಾಲ ನನ್ನ ಮ್ಯಾಲ ಹರಿಹಾಯಬ್ಯಾಡ ಮತ್ತ" ಎಂದರು ಇವರು. ಖರೇ ಎಂದೆ. ಉಬ್ಬಿಹೋಗಿ ಕ್ಯಾಮೆರಾದ ಪರದೆಯನ್ನು ಕಾಕುವಿನ ಕಣ್ಣೆದುರು ಹಿಡಿದೆ.

ಕಾಕು ಬಹಳ ಹೊತ್ತು ನೋಡಿದರು. ಕೈಗಳನ್ನು ನೋಡಿ ಒಂದು ಸಲ ತಲೆಯಾಡಿಸಿದರು. ಆಮೇಲೆ ಹಿಟ್ಟಿನ ಬೆರಳಿನಿಂದ ಪರದೆಯ ಮೂಲೆಯನ್ನು ಮುಟ್ಟಿ, "ಇದನ್ನ ಅಳಿಸ್ರಿ" ಎಂದರು.

"ಯಾಕ್ರೀ ಕಾಕು?"

"ರೊಟ್ಟಿ ಅಂಚು ಒಡದೈತಿ, ಕಾಣವಲ್ದೇನು? ಇಂಥಾ ರೊಟ್ಟಿ ಬೋರ್ಡಿಗೆ ಹಾಕಿದ್ರ ಯಾವಾಕಿ ಬಡದಾಳ ಇದನ್ನ ಅಂತ ಮಂದಿ ನಗತಾರ."

ನೋಡಿದೆ. ಒಡೆದಿತ್ತು. ಕೈ, ಬೆಳಕು, ರವೆ ಎಲ್ಲವನ್ನೂ ನೋಡಿದ್ದ ನಾನು ರೊಟ್ಟಿಯನ್ನು ನೋಡಿರಲೇ ಇಲ್ಲ. ಅಳಿಸಿದೆ. ಕಾಕು ಒಡೆದ ರೊಟ್ಟಿಯನ್ನು ಮುದ್ದೆ ಮಾಡಿ ಬದಿಗಿಟ್ಟು, ಇನ್ನೊಂದು ಉಂಡೆ ತೆಗೆದುಕೊಂಡು, "ನಾ ಹೂಂ ಅನ್ನೂತನಕ ಗುಂಡಿ ಒತ್ತಬ್ಯಾಡ್ರಿ" ಎಂದು ಬಡಿಯತೊಡಗಿದರು.